ಗಡಿ ದಾಟುವ ಲಾಟರಿ

ನಿಪ್ಪಾಣಿಯ ಪೇಟೆಯಲ್ಲಿ ಲಾಟರಿ ಚೀಟಿ ಮಾರಿದವನ ಮೇಲೆ ಪೊಲೀಸ್ ಕೇಸು ಬೀಳುತ್ತದೆ. ಕೊಗನೊಳ್ಳಿ ದಾಟಿ ಕಾಗಲ್ ಸೇರಿದರೆ ಅದೇ ವ್ಯಾಪಾರ ಮಹಾರಾಷ್ಟ್ರ ಸರ್ಕಾರದ ಖಜಾನೆಗೆ ಆದಾಯ ತರುತ್ತದೆ. ಕಾಗವಾಡದವರಿಗೆ ಮೈಶಾಳದ ಹಾದಿ ಹಿಡಿದರೆ ಮೀರಜ್ ಹತ್ತಿರ, ಸದಲಗಾ-ಬೋರಗಾಂವದವರಿಗೆ ಇಚಲಕರಂಜಿ ಸಂತೆಯಷ್ಟೇ ದೂರ, ಅಥಣಿಯ ಉತ್ತರದ ಹಳ್ಳಿಗಳಿಗೆ ಜತ್ತ ಪಕ್ಕದ ಊರು. ರಾಯಬಾಗಕ್ಕೆ ಗಡಿ ತುಸು ದೂರವಾದರೂ ಕುಡಚಿಯಲ್ಲಿ ರೈಲು ಹತ್ತಿದರೆ ಉಗಾರ, ಶೇಡಬಾಳ ಕಳೆದು ಮೀರಜ್ ಬಂದೇಬಿಡುತ್ತದೆ. ಆಸ್ಪತ್ರೆಗೆ, ಜವಳಿಗೆ, ಬೀಗರ ಮನೆಗೆ ಜನ ದಿನನಿತ್ಯ ದಾಟುವ ಗೆರೆ ಇದು. ಇಂಥ ಕಡೆ ಒಂದು ರಾಜ್ಯ ಲಾಟರಿ ನಿಷೇಧಿಸಿದರೆ ಏನಾಗುತ್ತದೆ, ಇನ್ನೊಂದು ರಾಜ್ಯ ಅದನ್ನು ತಾನೇ ನಡೆಸಿದರೆ ಏನಾಗುತ್ತದೆ ಎಂಬುದನ್ನು ಬೆಂಗಳೂರಿನಲ್ಲಿ ಕುಳಿತು ಯೋಚಿಸುವುದಕ್ಕಿಂತ ಚಿಕ್ಕೋಡಿಯಿಂದ ನೋಡಿದರೆ ಚೆನ್ನಾಗಿ ತಿಳಿಯುತ್ತದೆ.

ಮೊದಲು ಆಟ ನಡೆಯುವ ಬಗೆ. ಸರ್ಕಾರಿ ಲಾಟರಿಯಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ಕಾಗದದ ಚೀಟಿ. ಇದರ ಮೇಲೆ ಸಂಖ್ಯೆ ಮೊದಲೇ ಅಚ್ಚಾಗಿರುತ್ತದೆ, ಕೊಳ್ಳುವವನು ಆರಿಸಿಕೊಳ್ಳುವುದು ಚೀಟಿಯನ್ನು ಮಾತ್ರ. ಸರಣಿಯ ಅಕ್ಷರ, ಅದರ ಮುಂದೆ ಆರೋ ಐದೋ ಅಂಕಿ. ಡ್ರಾ ದಿನ ಸರ್ಕಾರ ನೇಮಿಸಿದ ಸಮಿತಿಯೆದುರು ಒಂದೊಂದು ಅಂಕಿಗೆ ಒಂದೊಂದು ಚಕ್ರ ತಿರುಗಿಸಿ ಸಂಖ್ಯೆ ಎತ್ತುತ್ತಾರೆ. ಮೊದಲ ಬಹುಮಾನ ಒಂದೇ ಚೀಟಿಗೆ. ಅದೇ ಸಂಖ್ಯೆಯ ಬೇರೆ ಸರಣಿಗಳಿಗೆ ಸಮಾಧಾನಕರ ಬಹುಮಾನ. ಕೆಳಗಿನ ಸಣ್ಣ ಬಹುಮಾನಗಳನ್ನು ಸಾಮಾನ್ಯವಾಗಿ ಕೊನೆಯ ನಾಲ್ಕು ಅಂಕಿ ಹೊಂದಿದವರಿಗೆಲ್ಲ ಹಂಚುತ್ತಾರೆ. ಈ ಕೊನೆಯ ನಾಲ್ಕಂಕಿಯ ವ್ಯವಸ್ಥೆಯನ್ನು ಗಮನಿಸಬೇಕು. ಮೂರು ಅಂಕಿ ಕೂಡಿ ಒಂದು ತಪ್ಪಿದವನಿಗೆ 'ಸ್ವಲ್ಪದರಾಗ ಹೋತು' ಎನಿಸುತ್ತದೆ, ಮುಂದಿನ ವಾರ ಮತ್ತೆ ಕೊಳ್ಳುತ್ತಾನೆ. ಲೆಕ್ಕದಲ್ಲಿ ಅವನು ಒಂದು ಅಂಕಿಯೂ ಕೂಡದವನಷ್ಟೇ ದೂರದಲ್ಲಿದ್ದಾನೆ. ಚಕ್ರಕ್ಕೆ ಹಿಂದಿನ ವಾರದ ನೆನಪಿಲ್ಲ.

ಎರಡನೆಯದು ಜಾಕ್‌ಪಾಟ್ ಆಟ. ಇಲ್ಲಿ ಆಡುವವನೇ ಸಂಖ್ಯೆ ಆರಿಸುತ್ತಾನೆ. 2000ದ ದಶಕದ ಆರಂಭದಲ್ಲಿ ಸಿಕ್ಕಿಂ ಸರ್ಕಾರದ ಹೆಸರಿನಲ್ಲಿ ದೇಶದ ಪೇಟೆಪೇಟೆಗೆ ಬಂದ 'ಪ್ಲೇವಿನ್' ಆನ್‌ಲೈನ್ ಲಾಟರಿಯನ್ನು ಹಲವರು ಮರೆತಿರಲಾರರು. ಅಂಗಡಿಯಲ್ಲೊಂದು ಯಂತ್ರ, 1ರಿಂದ 49ರವರೆಗಿನ ಸಂಖ್ಯೆಗಳಲ್ಲಿ ಆರನ್ನು ಗುರುತು ಹಾಕಿ ಕೊಟ್ಟರೆ ಚೀಟಿ ಮುದ್ರಣವಾಗಿ ಬರುತ್ತಿತ್ತು. ಆರೂ ಕೂಡಿದವನಿಗೆ ಜಾಕ್‌ಪಾಟ್. ಯಾರಿಗೂ ಕೂಡದಿದ್ದರೆ ಆ ಹಣ ಮುಂದಿನ ಡ್ರಾಗೆ ಸೇರಿ ಮೊತ್ತ ಬೆಳೆಯುತ್ತದೆ. ಮೊತ್ತ ಬೆಳೆದಂತೆ ಪತ್ರಿಕೆಯಲ್ಲಿ, ಟಿ.ವಿ.ಯಲ್ಲಿ ಸುದ್ದಿ, ಸುದ್ದಿಗೆ ಇನ್ನಷ್ಟು ಜನ. ಜನ ಹೆಚ್ಚಿದಂತೆ ಗೆದ್ದರೂ ಹಂಚಿಕೊಳ್ಳಬೇಕಾದ ಸಂಭವವೂ ಹೆಚ್ಚುತ್ತದೆ. ಹುಟ್ಟಿದ ದಿನಾಂಕ ಹಚ್ಚುವವರೇ ಬಹಳವಾದ್ದರಿಂದ 31ರ ಒಳಗಿನ ಸಂಖ್ಯೆಗಳಲ್ಲಿ ಈ ಹಂಚಿಕೆ ಮತ್ತೂ ದಟ್ಟ.

49ರಲ್ಲಿ ಆರನ್ನು ಆರಿಸಲು 1,39,83,816 ಬಗೆಗಳಿವೆ. 2011ರ ಜನಗಣತಿಯಂತೆ ಇಡೀ ಬೆಳಗಾವಿ ಜಿಲ್ಲೆಯ ಜನಸಂಖ್ಯೆ 47,79,661. ತೊಟ್ಟಿಲ ಕೂಸಿನಿಂದ ಹಿಡಿದು ಹಾಸಿಗೆ ಹಿಡಿದ ಅಜ್ಜನವರೆಗೆ ಜಿಲ್ಲೆಯ ಪ್ರತಿಯೊಬ್ಬರೂ ಬೇರೆಬೇರೆ ಸಂಖ್ಯೆಗಳ ಮೂರು ಮೂರು ಚೀಟಿ ಕೊಂಡರೆ ಆಗ ಯಾರೋ ಒಬ್ಬರ ಮನೆಗೆ ಜಾಕ್‌ಪಾಟ್ ಬರುವುದು ಖಾತ್ರಿ. ವಾರಕ್ಕೊಂದು ಚೀಟಿ ಕೊಳ್ಳುವವನು ಸರಾಸರಿ ಒಮ್ಮೆ ಗೆಲ್ಲಲು ಎರಡು ಲಕ್ಷ ಅರವತ್ತೆಂಟು ಸಾವಿರಕ್ಕೂ ಹೆಚ್ಚು ವರ್ಷ ಬೇಕು. ಮೂರು ಸಂಖ್ಯೆ ಕೂಡುವುದು ಮಾತ್ರ 57ಕ್ಕೆ ಒಂದು ಸಲ, ಅಂದರೆ ವರ್ಷಕ್ಕೊಮ್ಮೆ ಆದೀತು. ಆಟವನ್ನು ಜೀವಂತ ಇಡುವುದು ಈ ಪುಡಿ ಗೆಲುವು. ಅಮೆರಿಕದ ಪವರ್‌ಬಾಲ್‌ನಲ್ಲಿ ಜಾಕ್‌ಪಾಟ್ ಸಂಭವ 29,22,01,338ಕ್ಕೆ ಒಂದು. 2022ರ ನವೆಂಬರಿನಲ್ಲಿ ಅಲ್ಲಿ 200 ಕೋಟಿ ಡಾಲರಿಗೂ ಮೀರಿದ ಮೊತ್ತ ಬೆಳೆದು ನಿಂತದ್ದು ವಾರಗಟ್ಟಲೆ ಎಲ್ಲರೂ ಸೋತದ್ದರಿಂದ.

ಗೆದ್ದವನ ಕೈಗೆ ಎಷ್ಟು ಬರುತ್ತದೆ? ಕೇರಳದ ತಿರುವೋಣಂ ಬಂಪರ್ ಲಾಟರಿಯ ಮೊದಲ ಬಹುಮಾನ 2022ರಿಂದ 25 ಕೋಟಿ ರೂಪಾಯಿ, ಚೀಟಿಯ ಬೆಲೆ 500 ರೂಪಾಯಿ. 2024ರಲ್ಲಿ ಅದು ನಮ್ಮ ಮಂಡ್ಯ ಜಿಲ್ಲೆಯ ಒಬ್ಬ ಮೆಕ್ಯಾನಿಕ್‌ಗೆ ಬಂದಾಗ ಕರ್ನಾಟಕದ ಎಲ್ಲ ಪತ್ರಿಕೆಗಳಲ್ಲೂ ಸುದ್ದಿಯಾಯಿತು. 25 ಕೋಟಿಯಲ್ಲಿ ಚೀಟಿ ಮಾರಿದ ಏಜೆಂಟನಿಗೆ ಶೇ 10, ಉಳಿದದ್ದರ ಮೇಲೆ ಶೇ 30 ಆದಾಯ ತೆರಿಗೆ, ಅದರ ಮೇಲೆ ಸರ್‌ಚಾರ್ಜ್, ಸೆಸ್. ಕಡೆಗೆ ಉಳಿಯುವುದು ಹೆಚ್ಚುಕಡಿಮೆ ಅರ್ಧ. ಆ ವರ್ಷ ಮಾರಾಟವಾದ ಚೀಟಿಗಳು 70 ಲಕ್ಷಕ್ಕೂ ಹೆಚ್ಚು. ಒಬ್ಬನ ಹೆಸರು ಎಲ್ಲರಿಗೂ ಗೊತ್ತಾಯಿತು, ಉಳಿದವರ 500 ರೂಪಾಯಿಗಳ ಸುದ್ದಿಯನ್ನು ಯಾರೂ ಬರೆಯಲಿಲ್ಲ.

ಗೆದ್ದವನಿಗಿಂತ ಮೊದಲೇ ತೆರಿಗೆ ಕಟ್ಟುವವನು ಕೊಳ್ಳುವವನು. 2020ರ ಮಾರ್ಚ್ 1ರಿಂದ ಎಲ್ಲ ಲಾಟರಿಗೂ ಶೇ 28ರ ಜಿಎಸ್‌ಟಿ ಇತ್ತು, 2025ರ ಸೆಪ್ಟೆಂಬರ್ 22ರಿಂದ ಅದು ಶೇ 40 ಆಗಿದೆ. ತೆರಿಗೆ ಚೀಟಿಯ ಮುಖಬೆಲೆಯೊಳಗೇ ಸೇರಿರುವುದರಿಂದ 100 ರೂಪಾಯಿ ಚೀಟಿಯಲ್ಲಿ ಸುಮಾರು 28 ರೂಪಾಯಿ 57 ಪೈಸೆ ಜಿಎಸ್‌ಟಿಗೇ ಹೋಗುತ್ತದೆ. ಮಾರುವವನ ಕಮಿಷನ್, ವಿತರಕನ ಪಾಲು, ಅಚ್ಚಿನ ಖರ್ಚು, ಸರ್ಕಾರದ ಲಾಭ ಕಳೆದ ಮೇಲೆ ಉಳಿದದ್ದು ಬಹುಮಾನದ ಗಂಟು. ಇಷ್ಟು ಕಡಿದುಕೊಂಡ ಮೇಲೂ ಜನ ಕೊಳ್ಳುತ್ತಾರೆಂದರೆ ಕೊಳ್ಳುತ್ತಿರುವುದು ಹಣದ ಲಾಭವನ್ನಲ್ಲ. ಶನಿವಾರದ ಬಟವಾಡೆಯಿಂದ ಮುಂದಿನ ಡ್ರಾವರೆಗೆ ಸಾಲ ತೀರಿದ ಹಾಗೆ, ಮಗಳ ಮದುವೆ ಮುಗಿದ ಹಾಗೆ ಕಾಣುವ ಕೆಲವು ದಿನಗಳ ಭರವಸೆಯನ್ನು. ಅದನ್ನು ಮೂಢತನವೆಂದು ಹೀಯಾಳಿಸುವವರ ಮಾತು ನನಗೆ ಹಿಡಿಸುವುದಿಲ್ಲ. ಸಾವಿರ ಬೀಡಿ ಕಟ್ಟಿದ್ದಕ್ಕೆ ಇಷ್ಟು ಎಂದು ಕೂಲಿ ಎಣಿಸುವ ನಿಪ್ಪಾಣಿಯ ಹೆಣ್ಣುಮಗಳಿಗೆ, ಮುಂಗಡ ಹಣ ತೀರಿಸಲು ಹಂಗಾಮು ಪೂರ್ತಿ ಕಬ್ಬು ಕಡಿಯುವ ಗ್ಯಾಂಗಿನವನಿಗೆ ಒಮ್ಮೆಲೇ ದೊಡ್ಡ ಮೊತ್ತ ಕೈಗೆ ಬರುವ ದಾರಿ ಬೇರೆ ಯಾವುದಿದೆ ಎಂದು ಕೇಳಿದರೆ ಉತ್ತರ ಕೊಡುವುದು ಸುಲಭವಲ್ಲ.

ಲಾಟರಿಯ ಕಾನೂನಿಗೂ ಈ ಗಡಿಗೂ ಹಳೆಯ ನಂಟು. 1956ಕ್ಕೆ ಮೊದಲು ಚಿಕ್ಕೋಡಿ, ಅಥಣಿ ಮುಂಬಯಿ ರಾಜ್ಯದಲ್ಲಿದ್ದವು, ಬೆಂಗಳೂರು ಮೈಸೂರು ರಾಜ್ಯದಲ್ಲಿ. ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ 'ಸ್ಪೋರ್ಟಿಂಗ್ ಸ್ಟಾರ್' ಎಂಬ ವಾರಪತ್ರಿಕೆ ಆರ್.ಎಂ.ಡಿ.ಸಿ. ಪದಬಂಧ ಸ್ಪರ್ಧೆ ನಡೆಸುತ್ತಿತ್ತು. ಮುಂಬಯಿ ರಾಜ್ಯದಲ್ಲೂ ಅದು ಧಾರಾಳವಾಗಿ ಓಡುತ್ತಿತ್ತು. 1948ರ ತನ್ನ ಲಾಟರಿ ಕಾಯ್ದೆಗೆ 1952ರಲ್ಲಿ ತಿದ್ದುಪಡಿ ತಂದು ಮುಂಬಯಿ ಸರ್ಕಾರ ಹೊರಗಿನಿಂದ ಬರುವ ಇಂಥ ಸ್ಪರ್ಧೆಗೂ ತೆರಿಗೆ ಹಾಕಿತು. ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. 1957ರ ಏಪ್ರಿಲ್‌ನಲ್ಲಿ ಮುಖ್ಯ ನ್ಯಾಯಮೂರ್ತಿ ಎಸ್.ಆರ್. ದಾಸ್ ಅವರ ಪೀಠ ಜೂಜು ವ್ಯಾಪಾರವೇ ಅಲ್ಲ, ವ್ಯಾಪಾರಕ್ಕೆ ಸಂವಿಧಾನ ಕೊಟ್ಟ ಸ್ವಾತಂತ್ರ್ಯ ಅದಕ್ಕೆ ಸಲ್ಲದು ಎಂದು ತೀರ್ಪಿತ್ತಿತು. ಇಂದಿಗೂ ದೇಶದ ಜೂಜು ಪ್ರಕರಣಗಳಲ್ಲೆಲ್ಲ ಎತ್ತಿ ಹೇಳುವ ತೀರ್ಪು ಇದೇ. ಅಂದು ಚೀಟಿ ದಕ್ಷಿಣದಿಂದ ಉತ್ತರಕ್ಕೆ ಹೋಗುತ್ತಿತ್ತು, ಇಂದು ಉತ್ತರದಿಂದ ದಕ್ಷಿಣಕ್ಕೆ ಬರುತ್ತಿದೆ.

ಆ ತೀರ್ಪು ಬಂದ ಸುಮಾರು ಹತ್ತು ವರ್ಷಕ್ಕೆ ಸರ್ಕಾರಗಳೇ ಲಾಟರಿಗೆ ಇಳಿದವು. 1967ರಲ್ಲಿ ಕೇರಳದ ಹಣಕಾಸು ಮಂತ್ರಿ ಪಿ.ಕೆ. ಕುಂಞು ಆರಂಭಿಸಿದ ಲಾಟರಿಯ ಮೊದಲ ಡ್ರಾ 1968ರ ಜನವರಿ 26ರಂದು. ಚೀಟಿಗೆ ಒಂದು ರೂಪಾಯಿ, ಮೊದಲ ಬಹುಮಾನ 50,000. ಮಹಾರಾಷ್ಟ್ರದ ಲಾಟರಿ ಶುರುವಾದದ್ದು 1969ರ ಏಪ್ರಿಲ್ 12ರಂದು. ಕರ್ನಾಟಕವೂ ತನ್ನ ಲಾಟರಿ ನಡೆಸಿತು, ಸರ್ಕಾರಿ ಸಂಸ್ಥೆ ಎಂಎಸ್‌ಐಎಲ್ ಅದರ ಮಾರಾಟ ನೋಡಿಕೊಂಡಿತು. ಆಗ ತೊಡಕು ಬಂದದ್ದು ಬೇರೆ ರಾಜ್ಯಗಳ ಚೀಟಿಗಳಿಂದ. ಈಶಾನ್ಯದ ಪುಟ್ಟ ರಾಜ್ಯಗಳು ತಮ್ಮಲ್ಲಿ ಕೊಳ್ಳುವವರಿಲ್ಲದೆ ಇಡೀ ದೇಶಕ್ಕೆ ಚೀಟಿ ಕಳಿಸತೊಡಗಿದವು. ತಡೆಯಲು ಹೋದ ಮಹಾರಾಷ್ಟ್ರ 1984ರಲ್ಲಿ ಎಚ್. ಅನ್‌ರಾಜ್ ಪ್ರಕರಣದಲ್ಲಿ ಸೋತಿತು. ಸರ್ಕಾರಗಳು ನಡೆಸುವ ಲಾಟರಿ ಕೇಂದ್ರ ಪಟ್ಟಿಯ 40ನೇ ನಮೂದು, ಅದರ ಬಗ್ಗೆ ಕಾನೂನು ಮಾಡುವ ಅಧಿಕಾರ ಸಂಸತ್ತಿನದು.

ಸಂಸತ್ತು 1998ರಲ್ಲಿ ಲಾಟರಿ (ನಿಯಂತ್ರಣ) ಕಾಯ್ದೆ ತಂದಿತು. ಚೀಟಿಯನ್ನು ಸರ್ಕಾರವೇ ಮುದ್ರಿಸಬೇಕು, ಡ್ರಾವನ್ನು ಸರ್ಕಾರವೇ ತನ್ನ ನೆಲದಲ್ಲೇ ನಡೆಸಬೇಕು, ಒಂಟಿ ಅಂಕಿಯ ಮೇಲೆ ಬಹುಮಾನ ಕೂಡದು, ಒಂದು ಲಾಟರಿಗೆ ವಾರಕ್ಕೆ ಒಂದೇ ಡ್ರಾ, ವರ್ಷಕ್ಕೆ ಆರಕ್ಕಿಂತ ಹೆಚ್ಚು ಬಂಪರ್ ಇಲ್ಲ, ಯಾರೂ ಕೇಳದ ಬಹುಮಾನ ಸರ್ಕಾರಕ್ಕೆ. 5ನೇ ಕಲಂ ಪ್ರಕಾರ ಬೇರೆ ರಾಜ್ಯಗಳ ಚೀಟಿಯ ಮಾರಾಟವನ್ನು ಒಂದು ರಾಜ್ಯ ನಿಷೇಧಿಸಬಹುದು. ಆದರೆ 1999ರಲ್ಲಿ ಬಿ.ಆರ್. ಎಂಟರ್‌ಪ್ರೈಸಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಒಂದು ಷರತ್ತು ಹಾಕಿತು: ತನ್ನ ಲಾಟರಿ ನಡೆಸುವ ರಾಜ್ಯ ಪರರ ಚೀಟಿ ಬೇಡವೆನ್ನುವಂತಿಲ್ಲ. ಸಿಕ್ಕಿಂ, ಮೇಘಾಲಯದ ಚೀಟಿಗೆ ಬಾಗಿಲು ಮುಚ್ಚಬೇಕಾದರೆ ಕರ್ನಾಟಕ ಮೊದಲು ತನ್ನ ಅಂಗಡಿ ಮುಚ್ಚಬೇಕಿತ್ತು. ಸರ್ಕಾರ ಮೊದಲು ತೆರಿಗೆಯ ದಾರಿ ಹಿಡಿಯಿತು, 2004ರಲ್ಲಿ ಲಾಟರಿ ತೆರಿಗೆ ಕಾಯ್ದೆ ಬಂತು. ಹೈಕೋರ್ಟ್ ಅದನ್ನು ಅಸಿಂಧು ಎಂದಿತ್ತು, 2022ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಅಷ್ಟರಲ್ಲಿ ತೆರಿಗೆ ಹಾಕಲು ಲಾಟರಿಯೇ ಉಳಿದಿರಲಿಲ್ಲ.

ಯಾಕೆಂದರೆ 2007ರ ಏಪ್ರಿಲ್ 1ರಿಂದ ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿದ್ದ ಸರ್ಕಾರ ಎಲ್ಲ ಲಾಟರಿಗಳನ್ನೂ ನಿಷೇಧಿಸಿತು. ಅದೇ ವರ್ಷ ಜುಲೈನಿಂದ ಸಾರಾಯಿಯೂ ನಿಂತಿತು. ಆ ಹೊತ್ತಿಗೆ ಲಾಟರಿಯ ಸ್ವರೂಪ ಪೂರ್ತಿ ಬದಲಾಗಿತ್ತೆಂಬುದನ್ನು ನೆನಪಿಡಬೇಕು. ವಾರಕ್ಕೊಮ್ಮೆ ಎನ್ನುವ ಕಾನೂನನ್ನು ಹೆಸರು ಬದಲಿಸುತ್ತ ಬದಲಿಸುತ್ತ ತಪ್ಪಿಸಿ, ಯಂತ್ರದಂಗಡಿಗಳಲ್ಲಿ ದಿನವಿಡೀ ಒಂದರ ಹಿಂದೊಂದು ಡ್ರಾ ನಡೆಯುತ್ತಿದ್ದವು. ಬೆಳಿಗ್ಗೆ ಕೂಲಿ ಹಣ ಹಿಡಿದು ಒಳಹೋದವನು ಮಧ್ಯಾಹ್ನ ಬರಿಗೈಲಿ ಹೊರಬರಬಹುದಾಗಿತ್ತು. 1968ರ ಒಂದು ರೂಪಾಯಿ ಚೀಟಿಗೂ ಇದಕ್ಕೂ ಲಾಟರಿ ಎಂಬ ಹೆಸರು ಮಾತ್ರ ಸಮಾನ.

ಇಡೀ ಪ್ರಶ್ನೆಯ ತಿರುಳು ಇಲ್ಲಿದೆ ಎಂದು ನನ್ನ ತಿಳಿವಳಿಕೆ. ಹಣ ಹಚ್ಚುವುದಕ್ಕೂ ಫಲಿತಾಂಶಕ್ಕೂ ನಡುವಿನ ಸಮಯ ಎಷ್ಟು, ಕೂಲಿ ಸಿಗುವ ಜಾಗಕ್ಕೂ ಚೀಟಿ ಸಿಗುವ ಜಾಗಕ್ಕೂ ನಡುವಿನ ದೂರ ಎಷ್ಟು: ಮನೆ ಮುರಿಯುತ್ತದೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ಈ ಎರಡು. ಬಹುಮಾನದ ಪಾಲು ಎಷ್ಟೆಂಬುದು ಆಮೇಲಿನ ಮಾತು. ಇದಕ್ಕೆ ನಮ್ಮ ಗಡಿಯ ಮಟ್ಕಾಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ನ್ಯೂಯಾರ್ಕ್ ಹತ್ತಿ ವಿನಿಮಯ ಕೇಂದ್ರದ ದಿನದ ಆರಂಭದ ದರ, ಮುಕ್ತಾಯದ ದರ ಇವುಗಳ ಮೇಲೆ ಮುಂಬಯಿಯಲ್ಲಿ ಕಟ್ಟುತ್ತಿದ್ದ ಬಾಜಿಯಿಂದ ಹುಟ್ಟಿದ್ದು ಓಪನ್-ಕ್ಲೋಸ್. ನಮ್ಮ ಕಡೆ ಅದು ಬರೀ 'ಓಸಿ'. 1962ರಲ್ಲಿ ಕಲ್ಯಾಣಜಿ ಭಗತ್, ಅವರ ಹಿಂದೆಯೇ ರತನ್ ಖತ್ರಿ ಅದನ್ನು ಗಡಿಗೆಯಿಂದ, ಆಮೇಲೆ ಇಸ್ಪೀಟೆಲೆಯಿಂದ ಅಂಕಿ ಎತ್ತುವ ಮಟ್ಕಾ ಮಾಡಿದರು. ಮೂರು ಅಂಕಿಗಳ ಮೊತ್ತದ ಕೊನೆಯ ಅಂಕಿಯೇ ಓಪನ್. 3, 6, 9 ಬಂದರೆ ಮೊತ್ತ 18, ಓಪನ್ 8. ಕ್ಲೋಸ್ ಕೂಡ ಹಾಗೆಯೇ, ಎರಡೂ ಸೇರಿದರೆ ಜೋಡಿ. ಒಂದಂಕಿಗೆ ರೂಪಾಯಿಗೆ ಒಂಬತ್ತು, ಜೋಡಿಗೆ ರೂಪಾಯಿಗೆ ತೊಂಬತ್ತು ಎಂಬುದು ವಾಡಿಕೆಯ ದರ. ಅಂದರೆ ಹಚ್ಚಿದ 100 ರೂಪಾಯಿಯಲ್ಲಿ ಸರಾಸರಿ 90 ಆಡುವವರಿಗೇ ಮರಳುತ್ತದೆ. ಯಾವ ಸರ್ಕಾರಿ ಲಾಟರಿಯೂ ಅಷ್ಟು ಮರಳಿಸುವುದಿಲ್ಲ. ಹಾಗಾದರೆ ಸರ್ಕಾರದ ಲಾಟರಿಗಿಂತ ಮಟ್ಕಾ ವಾಸಿಯೇ? ಖಂಡಿತ ಇಲ್ಲ. ಓಪನ್‌ಗೊಮ್ಮೆ ಕ್ಲೋಸ್‌ಗೊಮ್ಮೆ ಎಂದು ದಿನಕ್ಕೆರಡು ಸಲ, ಬಂದದ್ದನ್ನೆಲ್ಲ ಮತ್ತೆ ಹಚ್ಚುತ್ತ ಹೋದರೆ ಐದೇ ದಿನಕ್ಕೆ ಆ 100 ರೂಪಾಯಿ ಸರಾಸರಿ 35ಕ್ಕೆ ಇಳಿಯುತ್ತದೆ. ಅರ್ಧಕ್ಕರ್ಧ ಕಡಿದುಕೊಳ್ಳುವ ವಾರದ ಚೀಟಿಯೂ ಇಷ್ಟು ಬೇಗ ಬರಿದು ಮಾಡದು. ಅದರ ಮೇಲೆ ಉದ್ರಿ. ಬರೆದುಕೊಳ್ಳುವವನು ಓಣಿಯವನೇ ಆದ್ದರಿಂದ ಕೈಯಲ್ಲಿ ದುಡ್ಡಿಲ್ಲದಿದ್ದರೂ ನಂಬರ್ ಹಚ್ಚಬಹುದು. ಅಲ್ಲಿಂದ ಮುಂದಿನದು ಬಡ್ಡಿಯ ಕಥೆ.

ಕರ್ನಾಟಕ ಪೊಲೀಸ್ ಕಾಯ್ದೆ 1963ರ 78(3)ನೇ ಕಲಮಿನಡಿ ಬೆಳಗಾವಿ ಜಿಲ್ಲೆಯ ಠಾಣೆಗಳಲ್ಲಿ ದಾಖಲಾಗುವ ಪ್ರಕರಣಗಳ ಸುದ್ದಿ ಸ್ಥಳೀಯ ಪತ್ರಿಕೆಗಳಿಗೆ ಹೊಸದಲ್ಲ. ಚೀಟಿ ಬರೆಯುವವನು ಸಿಕ್ಕುತ್ತಾನೆ, ಅವನ ಬಳಿಯ ಕೆಲವು ನೂರು ರೂಪಾಯಿ, ಒಂದು ಪೆನ್ನು, ಒಂದು ಚೀಟಿ ಜಪ್ತಾಗುತ್ತವೆ. ಹಣ ಹೋಗಿ ಸೇರುವ ಜಾಗ ಸಾಮಾನ್ಯವಾಗಿ ಗಡಿಯಾಚೆ ಇರುತ್ತದೆ, ಅಲ್ಲಿಗೆ ನಮ್ಮ ಠಾಣೆಯ ಕೈ ಸಲೀಸಾಗಿ ಚಾಚದು. 2007ರ ನಿಷೇಧದ ಎಂಟು ವರ್ಷಗಳ ಮೇಲೆ, 2015ರಲ್ಲಿ, ಕೋಲಾರದ ಕಡೆಯಿಂದ ಹೊರಬಿದ್ದ ಒಂದಂಕಿ ಲಾಟರಿಯ ಜಾಲ ಪೊಲೀಸ್ ಅಧಿಕಾರಿಗಳವರೆಗೆ ಸುತ್ತಿಕೊಂಡು ಸಿಬಿಐ ತನಿಖೆಗೆ ಹೋದದ್ದು ನೆನಪಿರಬಹುದು. 1998ರ ಕಾಯ್ದೆ ಮೊದಲು ತಡೆದದ್ದೇ ಒಂದಂಕಿಯ ಬಹುಮಾನವನ್ನು, ಕಳ್ಳದಾರಿಯಲ್ಲಿ ಮೊದಲು ಬೆಳೆದದ್ದೂ ಅದೇ.

ಸರ್ಕಾರಿ ಲಾಟರಿಯ ಪರವಾಗಿ ವಾದಿಸುವವರು ಮರೆಯುವ ಸಂಗತಿ ಇನ್ನೊಂದಿದೆ. ಸರ್ಕಾರ ಸ್ವಚ್ಛವಾಗಿ ಡ್ರಾ ಮಾಡಿ ಎಲ್ಲರಿಗೂ ಕಾಣುವಂತೆ ಪ್ರಕಟಿಸಿದ ಸಂಖ್ಯೆಯೇ ಕಳ್ಳ ಆಟಕ್ಕೆ ಬಂಡವಾಳವಾಗುತ್ತದೆ. ಕೇರಳ ಲಾಟರಿಯ ಕೊನೆಯ ಮೂರಂಕಿಯ ಮೇಲೆ ಬಾಜಿ ಬರೆಯುವ ದಂಧೆ ಅಲ್ಲಿ ಪೊಲೀಸರಿಗೆ ದಿನದ ಕೆಲಸ. ಮೋಸವಿಲ್ಲದ ಸಂಖ್ಯೆ ಬೇಕೆಂದು ಹಿಂದೆ ನ್ಯೂಯಾರ್ಕಿನ ಹತ್ತಿಯ ದರ ನೋಡುತ್ತಿದ್ದವರು ಈಗ ಸರ್ಕಾರದ ಮುದ್ರೆಯಿರುವ ಫಲಿತಾಂಶ ನೋಡುತ್ತಾರೆ. ಕಾನೂನುಬದ್ಧ ಲಾಟರಿ ಇದ್ದರೆ ಕಳ್ಳ ಜೂಜು ತಾನಾಗಿ ಸಾಯುತ್ತದೆ ಎಂಬ ಮಾತನ್ನು ಹಾಗಾಗಿ ಪೂರ್ತಿ ನಂಬಲಾಗದು.

ಕೇರಳದ ಪಕ್ಷವನ್ನೂ ನ್ಯಾಯವಾಗಿ ಹೇಳಬೇಕು. ಅಲ್ಲಿ ಖಾಸಗಿ ವಿತರಕರ ಯಜಮಾನಿಕೆಯಿಲ್ಲದೆ ಸರ್ಕಾರಿ ಇಲಾಖೆಯೇ ಲಾಟರಿ ನಡೆಸುತ್ತದೆ. ಬೀದಿಯಲ್ಲಿ ಚೀಟಿ ಮಾರುವವರಲ್ಲಿ ಅಂಗವಿಕಲರು, ವೃದ್ಧರು ಬಹಳ. ಅವರ ಅನ್ನ ಅದರಲ್ಲಿದೆ. ಕೆ.ಎಂ. ಮಾಣಿ ಹಣಕಾಸು ಮಂತ್ರಿಯಾಗಿದ್ದಾಗ ಬಂದ ಕಾರುಣ್ಯ ಲಾಟರಿಯ ಹಣ ಬಡವರ ಕ್ಯಾನ್ಸರ್, ಹೃದಯ, ಮೂತ್ರಪಿಂಡದ ಚಿಕಿತ್ಸೆಗೆ ಹೋಯಿತು. ತಲಪಾಡಿ ದಾಟಿ ಮಂಜೇಶ್ವರದಲ್ಲಿ ಚೀಟಿ ಕೊಳ್ಳುವ ನಮ್ಮ ಕನ್ನಡಿಗರೂ ಈ ಮಾತು ಹೇಳುತ್ತಾರೆ: ಹೋದರೆ ರೋಗಿಗಳಿಗಾದರೂ ಹೋಗಲಿ ಎಂದು. ಆದರೂ ನನಗಿದು ಒಪ್ಪಿಗೆಯಿಲ್ಲ. ಬಡ ರೋಗಿಯ ಚಿಕಿತ್ಸೆಯ ಖರ್ಚನ್ನು ಆಸ್ತಿ, ಆದಾಯ ಇದ್ದವರಿಂದ ಎತ್ತಬೇಕಾದ ಸರ್ಕಾರ ಅದನ್ನು ಇನ್ನೊಬ್ಬ ಬಡವನ ಆಸೆಯಿಂದ ಎತ್ತುತ್ತಿದೆ. ಚೀಟಿ ಕೊಳ್ಳದ ಶ್ರೀಮಂತ ಈ ಭಾರದಿಂದ ಪೂರ್ತಿ ಪಾರು.

ಗಡಿಯಲ್ಲಿರುವವರು ಕಾನೂನಿನ ಒಂದು ಸೂಕ್ಷ್ಮ ತಿಳಿದಿರಬೇಕು. ಕಾಗಲ್‌ನಲ್ಲೋ ಮೀರಜ್‌ನಲ್ಲೋ ಅಧಿಕೃತ ಅಂಗಡಿಗೆ ತಾನೇ ಹೋಗಿ ಮಹಾರಾಷ್ಟ್ರದ ಚೀಟಿ ಕೊಂಡ ಕನ್ನಡಿಗ ತಪ್ಪು ಮಾಡಿದಂತಲ್ಲ, ಬಹುಮಾನ ಬಂದರೆ ಕೇಳಲು ಹಕ್ಕಿದೆ. ಅದೇ ಚೀಟಿಯ ಕಟ್ಟನ್ನು ತಂದು ಚಿಕ್ಕೋಡಿಯಲ್ಲಿ ಮಾರಿದರೆ ಅಪರಾಧ, ಇಲ್ಲಿ ಅದನ್ನು ಕೊಂಡವನೂ ಕಾಯ್ದೆಯ ಬಾಯಿಗೆ ಬೀಳುತ್ತಾನೆ. ಎರಡು ವರ್ಷದವರೆಗೆ ಕಠಿಣ ಸಜೆ ಆಗಬಹುದು. ಕೊಂಡ ಚೀಟಿಯ ಹಿಂದೆ ಹೆಸರು, ವಿಳಾಸ, ಸಹಿ ಹಾಕದಿದ್ದರೆ ಅದು ಹಿಡಿದವನ ಸ್ವತ್ತು. ಬಹುಮಾನ ಕೇಳಲು ಗಡುವು ಇದೆ, ಕೇರಳದಲ್ಲಿ ಅದು 30 ದಿನ. ಕೊಳ್ಳದ ಲಾಟರಿಯಲ್ಲಿ 25 ಲಕ್ಷ ಬಂದಿದೆ, ಮೊದಲು ತೆರಿಗೆ ಕಟ್ಟಿ ಎಂದು ಫೋನಿಗೆ ಬರುವ ಸಂದೇಶವಂತೂ ಅಪ್ಪಟ ಮೋಸ. ಸರ್ಕಾರ ತೆರಿಗೆಯನ್ನು ಬಹುಮಾನದಿಂದಲೇ ಮುರಿದುಕೊಳ್ಳುತ್ತದೆ, ಗೆದ್ದವನಿಂದ ಮುಂಗಡ ಕೇಳುವುದಿಲ್ಲ.

2007ರ ನಿಷೇಧ ಸರಿಯಾಗಿತ್ತು. ಅದು ಲಾಟರಿಯನ್ನು ಇಲ್ಲವಾಗಿಸಲಿಲ್ಲ, ದೂರ ಮಾಡಿತು. ಕೂಲಿ ಪಡೆದವನು ಬಸ್ಸು ಹತ್ತಿ ಹದಿನೈದು-ಇಪ್ಪತ್ತು ಕಿಲೋಮೀಟರ್ ಹೋಗಬೇಕಾದರೆ ನಡುವೆ ಅಂಗಡಿ ಸಾಲ, ಮಗುವಿನ ಔಷಧಿ, ಹೆಂಡತಿಯ ಮುಖ ನೆನಪಾಗಲು ಹೊತ್ತು ಸಿಗುತ್ತದೆ. ಹತ್ತಾರು ಸಾವಿರ ಮನೆಗಳಿಗೆ ಆ ಹೊತ್ತೇ ಸಾಕಾಗಿದ್ದೀತು. ಆದರೆ ದೂರವನ್ನು ಕಾಯದೆ ಬಿಟ್ಟರೆ ನಿಷೇಧ ಕಾಗದದ ಮೇಲಿರುತ್ತದೆ. ಮಟ್ಕಾ ಅದನ್ನು ಓಣಿಗೆ ತಂದಿತು, ಮೊಬೈಲ್ ಫೋನು ಅಂಗೈಗೇ ತಂದಿತು. ಹಣ ಹಚ್ಚಿ ಆಡುವ ಆನ್‌ಲೈನ್ ಆಟಗಳನ್ನು ತಡೆಯಲು ಕರ್ನಾಟಕ 2021ರಲ್ಲಿ ತಂದ ತಿದ್ದುಪಡಿಯನ್ನು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಇಡೀ ದೇಶಕ್ಕೆ ಅನ್ವಯಿಸುವ ಕಾಯ್ದೆ ಮಾಡಿದೆ. ಬಿಡಿಸಿಕೊಳ್ಳಲಾಗದೆ ಒದ್ದಾಡುವವರಿಗೆ 14416 ಸಂಖ್ಯೆಯ ಟೆಲಿ-ಮಾನಸ್ ಸಹಾಯವಾಣಿ ಕನ್ನಡದಲ್ಲಿ ಉಚಿತವಾಗಿ ಸಿಗುತ್ತದೆ, ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆಯೂ ಇದೆ.

ಚೀಟಿಗೆ ಹೋಗುವ ರೂಪಾಯಿಗೆ ಇದೇ ನೆಲದಲ್ಲಿ ಪೈಪೋಟಿ ಕೊಡಬಲ್ಲದ್ದು ಪಿಗ್ಮಿ. 1928ರಲ್ಲಿ ಉಡುಪಿಯಲ್ಲಿ ಟಿ.ಎಂ.ಎ. ಪೈ ಅವರ ಬ್ಯಾಂಕು ಎರಡಾಣೆಯಿಂದ ಆರಂಭಿಸಿದ ಈ ಉಳಿತಾಯವನ್ನು ಚಿಕ್ಕೋಡಿ ಸೀಮೆಯ ಪತ್ತಿನ ಸಂಘಗಳು, ಸೌಹಾರ್ದ ಸಹಕಾರಿಗಳು ಓಣಿಓಣಿಗೆ ಒಯ್ದಿವೆ. ಮಟ್ಕಾ ಬರೆಯುವವನಂತೆ ಪಿಗ್ಮಿ ಏಜೆಂಟನೂ ಬಾಗಿಲಿಗೇ ಬರುತ್ತಾನೆ. ದಿನಕ್ಕೆ 20 ರೂಪಾಯಿಯಂತೆ ವರ್ಷಕ್ಕೆ 7,300. ಆ ಹಣ ಮರಳಿ ಸಿಗುವ ಖಾತ್ರಿಯಿದ್ದರೆ ಮಾತ್ರ ಈ ಲೆಕ್ಕಕ್ಕೆ ಬೆಲೆ. ಸಂಘ ಮುಳುಗಿ ಠೇವಣಿ ಕಳೆದುಕೊಂಡ ಬೀಡಿ ಕೂಲಿಗೆ ಬ್ಯಾಂಕಿನ ಪಾಸ್‌ಬುಕ್ಕೂ ಲಾಟರಿ ಚೀಟಿಯೂ ಒಂದೇ ಆಗಿ ಕಾಣುತ್ತವೆ. ಸಹಕಾರ ಇಲಾಖೆ ಈ ಸಂಘಗಳ ಲೆಕ್ಕಪತ್ರವನ್ನು ವರ್ಷವರ್ಷ ಬಿಗಿಯಾಗಿ ನೋಡಬೇಕು. ಬೆಳಗಾವಿ, ಕೊಲ್ಹಾಪುರ, ಸಾಂಗಲಿ ಜಿಲ್ಲೆಗಳ ಪೊಲೀಸರು ಚುನಾವಣೆಯ ಹೊತ್ತಿಗೆ ಗಡಿಯಲ್ಲಿ ಒಟ್ಟಾಗಿ ನಾಕಾಬಂದಿ ಮಾಡುವಂತೆ ಮಟ್ಕಾದ ಹಣ ಸೇರುವ ಜಾಗವನ್ನೂ ಒಟ್ಟಾಗಿ ಹುಡುಕಬೇಕು. ಮಹಾರಾಷ್ಟ್ರ ಸರ್ಕಾರ ತನ್ನ ಚೀಟಿಯ ಮುಖದ ಮೇಲೆ ಬಹುಮಾನದ ಮೊತ್ತ ಎಷ್ಟು ದಪ್ಪ ಅಕ್ಷರದಲ್ಲಿರುತ್ತದೋ ಅಷ್ಟೇ ದಪ್ಪ ಅಕ್ಷರದಲ್ಲಿ ಆ ಡ್ರಾಗೆ ಅಚ್ಚಾದ ಒಟ್ಟು ಚೀಟಿಗಳ ಸಂಖ್ಯೆಯನ್ನೂ ಮರಾಠಿಯಲ್ಲಿ ಮುದ್ರಿಸಲಿ, ಗಡಿ ತಾಲ್ಲೂಕುಗಳಲ್ಲಿ ಮಾರುವ ಅಂಗಡಿಯ ಫಲಕದ ಮೇಲೆ ಕನ್ನಡದಲ್ಲೂ ಬರೆಸಲಿ.